ಮಗಳ ಮೊದಲ ಕಾರಿಗೆ 2014ರ ಆಲ್ಟೊ ಸಾಕಾ? ಊರಿನ ರಸ್ತೆ ಗೊತ್ತಿರುವವರು ಹೇಳಿ

ವಿರಾಜಪೇಟೆ–ಮಸ್ಕತ್
ಎಲ್ಲರಿಗೂ ನಮಸ್ಕಾರ. ಮಗಳಿಗೆ 18 ತುಂಬಿ, ಲೈಸೆನ್ಸೂ ಬಂತು. ನಾವಿಬ್ಬರೂ ಮಸ್ಕತ್‌ನಲ್ಲಿ, ಅವಳು ಕೊಡಗಿನ ಊರಲ್ಲಿ ನನ್ನ ಅತ್ತೆ-ಮಾವನ ಜೊತೆ ಇದ್ದಾಳೆ. ಕಾಲೇಜು ಪೊನ್ನಂಪೇಟೆಯಲ್ಲಿ. ಬೆಳಗ್ಗೆ ಬಸ್ಸಿಗೆ ತೊಂದರೆ ಇಲ್ಲ. ಸಂಜೆ ಪ್ರಾಕ್ಟಿಕಲ್ ಮುಗಿಸಿ ಗೋಣಿಕೊಪ್ಪದಲ್ಲಿ ಕಾಯಬೇಕು, ಬಸ್ ಇಳಿದ ಮೇಲೆ ಮನೆವರೆಗೆ ತೋಟದ ದಾರಿ. ಆನೆ ಓಡಾಡುವ ಜಾಗ. ಮಾವ ಜೀಪ್ ತಂದು ರೋಡಲ್ಲಿ ಕಾಯ್ತಾರೆ, ಆದರೆ ಅವರಿಗೆ ಕತ್ತಲಾದರೆ ಕಣ್ಣು ಸರಿಯಾಗಿ ಕಾಣಲ್ಲ.

ಬ್ರೋಕರ್ ಒಬ್ಬರು 2014ರ ಆಲ್ಟೊ 800 ತೋರಿಸಿದ್ದಾರೆ. ಸಿಂಗಲ್ ಓನರ್, ಒಂದೂಮುಕ್ಕಾಲು ಲಕ್ಷ ಹೇಳ್ತಿದ್ದಾರೆ. ಕೈಲ್ ಮುಹೂರ್ತ ಹಬ್ಬದ ಒಳಗೆ ಗಾಡಿ ಅಂಗಳಕ್ಕೆ ಬರಲಿ ಅಂತ ಮಾವನ ಆಸೆ. ನಮ್ಮ ಹತ್ತಿರ ನಾಲ್ಕು ಲಕ್ಷ ಇದೆ, ಎಳೆದಾಡಿದರೆ ನಾಲ್ಕೂವರೆ. ಮಳೆಗಾಲದಲ್ಲಿ ಅವಳೊಬ್ಬಳೇ ಓಡಿಸೋದು ನೆನೆಸಿಕೊಂಡರೆ ನಿದ್ದೆ ಹತ್ತಲ್ಲ. ಏನು ನೋಡಿ ತಗೊಳ್ಳಬೇಕು, ದಯವಿಟ್ಟು ಹೇಳಿ.

ಸೋಮವಾರಪೇಟೆ–ದುಬೈ
ಆಲ್ಟೊ ಕಣ್ಮುಚ್ಚಿ ತಗೊಳ್ಳಿ ಅಕ್ಕ. ಮೈಲೇಜ್ ಇದೆ, ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತೆ, ಸಣ್ಣ ರೋಡಲ್ಲಿ ಸೈಡ್ ಕೊಡೋದು ಸುಲಭ. ಕಲಿಯೋ ಗಾಡಿ, ಎಲ್ಲಾದರೂ ಉಜ್ಜಿದರೂ ಹೊಟ್ಟೆ ಉರಿಯಲ್ಲ.

ಗೋಣಿಕೊಪ್ಪ–ಡಲ್ಲಾಸ್
ಅಕ್ಕ, ದಯವಿಟ್ಟು ಆ ಆಲ್ಟೊ ಬೇಡ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮ ದೇಶದ ಕಾರುಗಳನ್ನು ಮೊದಲ ಸಲ ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಕ್ಕೆ ಬಂದಿದ್ದು ಐದರಲ್ಲಿ ಸೊನ್ನೆ ಸ್ಟಾರ್. ಬಂಪರ್ ಉಜ್ಜಿದರೆ ಪೇಂಟ್ ಮಾಡಿಸಬಹುದು. ತಿರುವಿನಲ್ಲಿ ಎದುರಿಂದ ಟಿಂಬರ್ ಲಾರಿ ಬಂದರೆ?

ಇಲ್ಲಿ ನಮ್ಮ ಮಗನಿಗೆ ಕಾರು ತೆಗೆಯುವಾಗ ಐಐಎಚ್‌ಎಸ್‌ ಎಂಬ ಸುರಕ್ಷತಾ ಸಂಸ್ಥೆಯ ಪಟ್ಟಿ ಇಟ್ಟುಕೊಂಡೇ ಹುಡುಕಿದೆವು. ಹರೆಯದ ಮಕ್ಕಳಿಗೆ ಅಂತಲೇ ಹಳೆ ಕಾರುಗಳ ಪಟ್ಟಿ ಮಾಡ್ತಾರೆ. ಅವರು ಹೇಳೋದು ಇಷ್ಟೇ: ತೀರಾ ಚಿಕ್ಕ ಕಾರು ಬೇಡ, ಜಾಸ್ತಿ ಪವರ್ ಇರೋದೂ ಬೇಡ, ಜಾರುವಾಗ ಗಾಡಿಯನ್ನು ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಇರಲೇಬೇಕು. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಅದು ಕಡ್ಡಾಯ. ಊರಲ್ಲಿ ನಿಮ್ಮ ಬಜೆಟ್‌ಗೆ ಅದು ಸಿಗೋದು ಕಷ್ಟ. ಕೊನೇಪಕ್ಷ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಇರೋದನ್ನೇ ನೋಡಿ. ಇನ್ಶೂರೆನ್ಸ್‌ಗೂ ದುಡ್ಡು ಎತ್ತಿಡಿ, ಹರೆಯದ ಡ್ರೈವರ್ ಅಂದರೆ ಪ್ರೀಮಿಯಂ ಎರಡು ಪಟ್ಟಾಗುತ್ತೆ.

ಕುಶಾಲನಗರ (ವಾಪಸ್ ಬಂದವರು)
ಅದು ನಿಮ್ಮಲ್ಲಿ ಅಣ್ಣ. ಇಲ್ಲಿ ಡ್ರೈವರ್ ವಯಸ್ಸು ನೋಡಿ ಪ್ರೀಮಿಯಂ ಹಾಕಲ್ಲ, ಇಂಜಿನ್ ಸಿಸಿ ಮತ್ತು ಗಾಡಿಯ ಬೆಲೆ ನೋಡ್ತಾರೆ. ಅಕ್ಕ, ಸಂಜೆ ವಿವರವಾಗಿ ಬರೀತೀನಿ, ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ.

ಅಮ್ಮತ್ತಿ–ಮೆಲ್ಬರ್ನ್
ಇಷ್ಟೆಲ್ಲ ಹೆದರಿಕೆ ಯಾಕೆ? ನನ್ನ ತಮ್ಮನ ಮಗ ಹದಿನೈದಕ್ಕೇ ತೋಟದಲ್ಲಿ ಜೀಪ್ ಓಡಿಸ್ತಿದ್ದ, ಹದಿನಾರಕ್ಕೆ ಸಿದ್ದಾಪುರದವರೆಗೆ ಗೊಬ್ಬರ ತರಲು ಹೋಗ್ತಿದ್ದ. ನಮ್ಮ ಮಕ್ಕಳಿಗೆ ಸ್ಟಿಯರಿಂಗ್ ರಕ್ತದಲ್ಲೇ ಇದೆ. ಇಲ್ಲಿ ನನ್ನ ಮಗಳಿಗೆ ಇಪ್ಪತ್ತೊಂದು, ಇನ್ನೂ ಟ್ರೇನೇ ಸಾಕು ಅಂತಾಳೆ. ಅವಳಿಗೆ ಊರಿನ ಆ ಧೈರ್ಯ ಬರಲೇ ಇಲ್ಲ ಅಂತ ಬೇಸರ ಆಗುತ್ತೆ.

ಗೋಣಿಕೊಪ್ಪ–ಡಲ್ಲಾಸ್
ತೋಟದೊಳಗೆ ಓಡಿಸೋದು ಬೇರೆ, ರೋಡಿಗೆ ಇಳಿಸೋದು ಬೇರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾದ ಮೇಲೆ 18 ಆಗದ ಮಕ್ಕಳು ಸಿಕ್ಕಿಬಿದ್ದರೆ ಅಪ್ಪ-ಅಮ್ಮ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಕ್ಕಳಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಡಿ.

ಮಡಿಕೇರಿ–ಬರ್ಮಿಂಗ್‌ಹ್ಯಾಮ್
ನಾನು ಹಿರಿಯನಾಗಿ ನೇರವಾಗಿ ಕೇಳ್ತೀನಮ್ಮ, ತಪ್ಪು ತಿಳಿಯಬೇಡ. ಹದಿನೆಂಟರ ಹುಡುಗಿಯನ್ನು ಕಣ್ಣು ಕಾಣದ ಮಾವನ ಹತ್ತಿರ ಬಿಟ್ಟು ಮಸ್ಕತ್‌ನಲ್ಲಿ ದುಡಿಯೋದು ಯಾವ ಸೀಮೆ ಸಂಸಾರ? ಕಾರು ಕೊಡಿಸಿದರೆ ಅಮ್ಮನ ಜಾಗ ತುಂಬುತ್ತಾ? ನೀನಾದರೂ ಊರಿಗೆ ಹೋಗಿ ಮಗಳ ಜೊತೆ ಇರು. ನಾನು ಮೂವತ್ತು ವರ್ಷ ಇಲ್ಲೇ ಇದ್ದೆ, ಮಕ್ಕಳನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಇವತ್ತು ಇಬ್ಬರೂ ಡಾಕ್ಟರು, ಇಬ್ಬರಿಗೂ ಮೊದಲ ಕಾರು ಅವರ ಸಂಬಳದಲ್ಲೇ. ದುಡಿಯುವ ಮೊದಲು ಕಾರು ಕೊಟ್ಟ ಮಕ್ಕಳು ಬೆಲೆ ಕಲಿಯಲ್ಲ.

ಶನಿವಾರಸಂತೆ–ಕತಾರ್
ಸಾರ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಮನೆ ಮುಂದೆ ಬಸ್ ನಿಲ್ಲುತ್ತೆ. ಗಲ್ಫ್‌ನಲ್ಲಿ ಎಷ್ಟು ವರ್ಷ ಇದ್ದರೂ ಕೆಲಸ ಹೋದರೆ ವೀಸಾ ಹೋಯಿತು. ಮಕ್ಕಳನ್ನು ಪಿಯುಸಿ ಆದಮೇಲೆ ಊರಿಗೆ ಕಳಿಸದೆ ಏನು ಮಾಡೋದು? ಬೆಳೆ ಕೈಕೊಟ್ಟ ವರ್ಷ ಬ್ಯಾಂಕಿನ ಕಂತು ಕಟ್ಟಿದ್ದು ನನ್ನ ಕತಾರ್ ಸಂಬಳ. ಮಗ ಹತ್ತನೇ ಕ್ಲಾಸಲ್ಲಿದ್ದಾಗ ನಾನು ಜೊತೆಗಿರಲಿಲ್ಲ, ಅದು ನನಗೆ ಈಗಲೂ ನೋವೇ. ಆದರೂ ನಮ್ಮದು ಸಂಸಾರ ಅಲ್ಲ ಅನ್ನಬೇಡಿ.

ಮಡಿಕೇರಿ–ಬರ್ಮಿಂಗ್‌ಹ್ಯಾಮ್
ಸಂಬಳದ ಲೆಕ್ಕ ನಾನು ಕೇಳಲಿಲ್ಲ. ಮಗಳ ಲೆಕ್ಕ ಕೇಳಿದೆ.

ಸಂಪಾಜೆ–ಅಬುಧಾಬಿ
ಅವರು ಕೇಳಿದ್ದು ಕಾರಿನ ವಿಷಯ ಮಾರಾಯ್ರೆ. ಅಕ್ಕ, ಯಾವ ಕಾರಾದರೂ ಸರಿ, ಇಳಿಜಾರಲ್ಲಿ ನ್ಯೂಟ್ರಲ್ ಹಾಕಬಾರದು ಅಂತ ಅವಳಿಗೆ ಗಟ್ಟಿ ಹೇಳಿ. ಹತ್ತುವ ಗೇರಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸ್ತೇನೆ ಅಂತ ಸಂಪಾಜೆ ಘಾಟಿ ಪೂರಾ ಬ್ರೇಕಲ್ಲೇ ಇಳಿದವರ ಚಕ್ರದಿಂದ ಹೊಗೆ ಬರೋದನ್ನ ನಾವು ಚಿಕ್ಕಂದಿನಿಂದ ನೋಡಿದ್ದುಂಟು.

ಅಮ್ಮತ್ತಿ–ಮೆಲ್ಬರ್ನ್
ಹಿರಿಯರು ಹೇಳಿದ್ದರಲ್ಲಿ ಸತ್ಯ ಇದೆ. ನಾವೆಲ್ಲ ದುಡ್ಡಿನ ಹಿಂದೆ ಬಂದು ಮಕ್ಕಳಿಗೆ ಊರೂ ಇಲ್ಲ, ಭಾಷೆಯೂ ಇಲ್ಲ ಅನ್ನೋ ಹಾಗೆ ಮಾಡಿಟ್ಟೆವು. ಸುಗ್ಗಿ ಹಬ್ಬ ಹುತ್ತರಿಗೆ ಹೋದರೆ ನನ್ನ ಮಗಳು ಕದಿರು ತೆಗೆಯುವಾಗ ಫೋಟೋ ಹಿಡಿದು ದೂರ ನಿಲ್ತಾಳೆ.

ಶನಿವಾರಸಂತೆ–ಕತಾರ್
ಈ ಅಕ್ಕನ ಮಗಳು ಊರಲ್ಲೇ ಇದ್ದಾಳಲ್ಲ! ಅದಕ್ಕಾದರೂ ಸಂತೋಷಪಡಿ.

ಕುಶಾಲನಗರ (ವಾಪಸ್ ಬಂದವರು)
ಅಕ್ಕ, ಮೇಲಿನ ಚರ್ಚೆ ಹಾಗಿರಲಿ, ನಿಮ್ಮ ಪ್ರಶ್ನೆಗೆ ಬರ್ತೀನಿ.

2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆಯಿತು, ಜುಲೈನಿಂದ ಡ್ರೈವರ್ ಏರ್‌ಬ್ಯಾಗ್. ಹಾಗಾಗಿ ಅದಕ್ಕಿಂತ ಹಳೆಯದನ್ನು ನೋಡಲೇಬೇಡಿ. 2020ರ ನಂತರದ ಟಾಟಾ ಟಿಯಾಗೊ ಹುಡುಕಿ. ಆ ವರ್ಷ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ಬಂದಿದೆ, ಎರಡು ಏರ್‌ಬ್ಯಾಗ್ ಇದೆ. ಟಾಟಾದ್ದೇ ಆಲ್ಟ್ರೋಜ್‌ಗೆ ಐದು ಸ್ಟಾರ್, ಆದರೆ ಒಳ್ಳೆ ಕಂಡೀಷನ್‌ದು ನಿಮ್ಮ ಬಜೆಟ್ ದಾಟಬಹುದು. ಎಲ್ಲರೂ ಹೊಗಳುವ ಸ್ವಿಫ್ಟ್‌ಗೆ 2018ರ ಪರೀಕ್ಷೆಯಲ್ಲಿ ಬಂದಿದ್ದು ಎರಡೇ ಸ್ಟಾರ್.

ಗಾಡಿ ನೋಡುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ನೀರಲ್ಲಿ ಮುಳುಗಿದ್ದ ಗಾಡಿಯನ್ನು ಎಷ್ಟೇ ತೊಳೆದು ಸೆಂಟ್ ಹೊಡೆದರೂ ಸುರುಳಿಯ ಒಳಗಿನ ಬೆಲ್ಟಿನಲ್ಲಿ ಕೆಸರಿನ ಕಂದು ಗೆರೆ ಉಳಿದಿರುತ್ತೆ. ಮ್ಯಾಟ್ ಎತ್ತಿ ಸೀಟಿನ ಕಂಬಿಗೆ ತುಕ್ಕು ಹಿಡಿದಿದೆಯಾ ನೋಡಿ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲೂ ಕೇರಳದಲ್ಲೂ ಪ್ರವಾಹ ಆದದ್ದು ಗೊತ್ತೇ ಇದೆ, ಅದಕ್ಕಿಂತ ಹಳೆ ಗಾಡಿಯಾದರಂತೂ ಇದನ್ನು ಬಿಡಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರದ್ದು. ಅಷ್ಟು ಹಳೆಯದಾದರೆ ಮೇಲಿನ ಟ್ರೆಡ್ ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಜಾರುತ್ತೆ. ನಾಲ್ಕೂ ಟೈರ್ ಬದಲಿಸುವ ದುಡ್ಡು ಈಗಲೇ ಎತ್ತಿಡಿ.

ಕೇರಳದ ಕೆಎಲ್ ನಂಬರಿನ ಗಾಡಿ ಅಗ್ಗಕ್ಕೆ ಸಿಗ್ತಿದೆ ಅಂತ ಹೋಗಬೇಡಿ. ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತೆ. ನಮ್ಮ ಕೊಡಗಿನ ಕೆಎ-12 ಸಿಕ್ಕರೆ ಮಾಲೀಕರ ಹೆಸರು ಬದಲಿಸುವ ಫಾರಂ 29, 30ರಲ್ಲಿ ಮುಗಿಯುತ್ತೆ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿದೆ ಅಂತ ಬ್ಯಾಂಕಿನ ಸಹಿ ಇರುವ ಫಾರಂ 35 ಕೇಳಿ. ಇನ್ಶೂರೆನ್ಸ್ 14 ದಿನದೊಳಗೆ ವರ್ಗ ಮಾಡಿಸಿ. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಹಳೆ ಮಾಲೀಕರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ (ನೋ ಕ್ಲೇಮ್ ಬೋನಸ್) ನಿಮಗೆ ಬರಲ್ಲ, ಬ್ರೋಕರ್ ಬರುತ್ತೆ ಅಂದರೂ ನಂಬಬೇಡಿ. ಮತ್ತೆ, ಗಾಡಿ ಮಾವನ ಹೆಸರಲ್ಲಿ ಬೇಡ, ಮಗಳ ಹೆಸರಲ್ಲೇ ಆಗಲಿ. 15 ಲಕ್ಷದ ಅಪಘಾತ ವಿಮೆ ಇರೋದು ಓಡಿಸುವ ಮಾಲೀಕರಿಗೆ.

ಮಡಿಕೇರಿ–ಬರ್ಮಿಂಗ್‌ಹ್ಯಾಮ್
ಟೈರು, ಫಾರಂ ಎಲ್ಲ ಸರಿ. ಮನೆಯಲ್ಲಿ ಅಮ್ಮ ಇಲ್ಲದ್ದಕ್ಕೆ ಯಾವ ಫಾರಂ ಇದೆ?

ನಾಪೋಕ್ಲು–ಟೊರಾಂಟೊ
ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ನಾನೂ ಅಜ್ಜಿ ಮನೆಯಲ್ಲೇ ಬೆಳೆದವಳು, ಅಪ್ಪ-ಅಮ್ಮ ಕುವೈತ್‌ನಲ್ಲಿದ್ದರು. ಬಸ್ ತಪ್ಪಿದ ಸಂಜೆಗಳಲ್ಲಿ ಹೆದರಿದ್ದೇನೆ, ಆದರೆ ಅಪ್ಪ-ಅಮ್ಮ ನನ್ನನ್ನು ಬಿಟ್ಟುಹೋದರು ಅಂತ ಯಾವತ್ತೂ ಅನ್ನಿಸಿಲ್ಲ. ಆಗ ನನಗೊಂದು ಗಾಡಿ ಇದ್ದಿದ್ದರೆ ಅಂತ ಮಾತ್ರ ಅನ್ನಿಸಿದೆ. ಕೊಡಿಸಿ ಅಕ್ಕ.

ಗೋಣಿಕೊಪ್ಪ–ಡಲ್ಲಾಸ್
ಇನ್ನೊಂದು ಮಾತು. ಟೆಕ್ಸಾಸ್‌ನಲ್ಲಿ 18ಕ್ಕಿಂತ ಚಿಕ್ಕ ಡ್ರೈವರ್ ಜೊತೆ 21 ಆಗದ ಗೆಳೆಯರು ಒಬ್ಬರಿಗಿಂತ ಹೆಚ್ಚು ಕೂರುವಂತಿಲ್ಲ, ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಓಡಿಸುವಂತಿಲ್ಲ. ಊರಲ್ಲಿ ಅಂಥ ಕಾನೂನು ಇಲ್ಲ, ಮೊದಲ ವರ್ಷಕ್ಕೆ ಮನೆಯ ಕಾನೂನು ಮಾಡಿ. ಕ್ಲಾಸಿನವರನ್ನೆಲ್ಲ ತುಂಬಿಕೊಂಡು ಕುಟ್ಟ ಕಡೆ ಸುತ್ತೋದು ಬೇಡ.

ವಿರಾಜಪೇಟೆ–ಮಸ್ಕತ್
ಎಲ್ಲರಿಗೂ ಧನ್ಯವಾದ. ಬರ್ಮಿಂಗ್‌ಹ್ಯಾಮ್ ಅಂಕಲ್, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಮಸ್ಕತ್‌ನಲ್ಲಿರೋದು ನಾವಿಬ್ಬರೂ ಮಗಳೂ ಕೂತು ಮಾತಾಡಿ ಮಾಡಿದ ತೀರ್ಮಾನ, ಅದನ್ನು ಇಲ್ಲಿ ಮತ್ತೆ ಚರ್ಚೆ ಮಾಡಲ್ಲ. ಆಲ್ಟೊ ಬೇಡ ಅಂತ ಮಾವನಿಗೆ ಹೇಳಿದೆ, ಸ್ವಲ್ಪ ಮುನಿಸು. ಗೋಣಿಕೊಪ್ಪದಲ್ಲೇ 2020ರ ಟಿಯಾಗೊ ಒಂದಿದೆಯಂತೆ, ಕೆಎ-12, ನಾಲ್ಕು ಲಕ್ಷ ಹತ್ತು ಸಾವಿರ ಹೇಳ್ತಿದ್ದಾರೆ. ಕೈಲ್ ಮುಹೂರ್ತಕ್ಕೆ ಆಗದಿದ್ದರೆ ಬೇಡ, ಅವಸರ ಮಾಡಲ್ಲ. ಭಾನುವಾರ ಜೊತೆಗೆ ಹೋಗಿ ನೋಡೋಕೆ ತಿಳಿದ ಮೆಕ್ಯಾನಿಕ್ ಯಾರಾದರೂ ಇದ್ದಾರಾ?

ಕುಶಾಲನಗರ (ವಾಪಸ್ ಬಂದವರು)
ನಾನೇ ಬರ್ತೀನಿ ಅಕ್ಕ, ನಮ್ಮ ಮೆಕ್ಯಾನಿಕ್‌ನನ್ನೂ ಕರ್ಕೊಂಡು. ಮಗಳು ಬರಲೇಬೇಕು, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದನ್ನು ಅವಳ ಕೈಯಲ್ಲೇ ಮಾಡಿಸೋಣ. ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಓನರ್‌ಗೆ ಹೇಳಿಡಿ. ತಣ್ಣಗಿರುವ ಇಂಜಿನ್‌ನ ಸದ್ದು ಕೇಳಬೇಕು.