ಸಹಾಯ ಬೇಕು: ಕಳೆಯುವ ಲೆಕ್ಕಕ್ಕೆ, ಅಳತೆಗೆ ಚಿತ್ರಪುಸ್ತಕ

ನಮಸ್ಕಾರ. ನನ್ನದು ನಲಿ-ಕಲಿ ತರಗತಿ. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಕೂಡುವುದಕ್ಕೆ ಚಿತ್ರಪುಸ್ತಕ ಚೆನ್ನಾಗಿ ಒದಗಿದೆ. ಪುಟ ತಿರುವಿದಂತೆ ಒಂದೊಂದು ಪ್ರಾಣಿ ಬಂದು ಸೇರಿದರೆ ಸಾಕು, ತಾವೇ ಬೆರಳು ಮಡಚುತ್ತಾರೆ. ತೊಡಕಿರುವುದು ಕಳೆಯುವುದರಲ್ಲಿ. ತಂತಿಯ ಮೇಲಿನ ಏಳು ಗಿಳಿಗಳಲ್ಲಿ ಮೂರು ಹಾರಿಹೋಗುತ್ತಿರುವ ಚಿತ್ರ ತೋರಿಸಿ ‘ಉಳಿದದ್ದು ಎಷ್ಟು?’ ಎಂದೆ. ಒಬ್ಬಳು ಆಕಾಶದಲ್ಲಿದ್ದವನ್ನೂ ಬೆರಳಿಟ್ಟು ಎಣಿಸಿ, ‘ಏಳೂ ಇಲ್ಲೇ ಇವೆಯಲ್ಲ ಟೀಚರ್’ ಎಂದಳು. ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ!

ಹಾರಿಹೋದವು ಮುಂದಿನ ಪುಟದಲ್ಲಿ ಕಾಣದಂತಾಗುವ ಕನ್ನಡ ಪುಸ್ತಕವಿದ್ದರೆ ತಿಳಿಸಿ. ಅಳತೆಗೂ ಬೇಕು, ಗೇಣು, ಮೊಳ, ಪಾವು, ಸೇರು ಬರುವ ಕಥೆಯಾದರೆ ಇನ್ನೂ ಒಳ್ಳೆಯದು. ಮಕ್ಕಳ ಕಥೆಗಳ ಜಾಲತಾಣವಾದ ಸ್ಟೋರಿವೀವರ್‌ನಲ್ಲಿ ಉಚಿತವಾಗಿ ಸಿಗುವುದಾದರೆ ಹೆಸರು ಹೇಳಿ, ಮುದ್ರಿಸಿಕೊಳ್ಳುತ್ತೇನೆ. ಪುಟಕ್ಕೆ ಎರಡು ಸಾಲು ಮೀರದಿರಲಿ.