ಜೂಲಿ ಕ್ರಿಸ್ಟಿ ಅವರ ಚಿತ್ರಜೀವನ: 1978ರ ಬಳಿಕ ಆದದ್ದು ಹಿನ್ನಡೆಯೇ?

ಪ್ರಶ್ನೆ: ಬೆಳ್ಳಿತೆರೆ_ಓದುಗ

ಇಂಗ್ಲೆಂಡಿನ ನಟಿ ಜೂಲಿ ಕ್ರಿಸ್ಟಿ ಅವರ ಎರಡು ಚಿತ್ರಗಳನ್ನು ಮಾತ್ರ ನಾನು ಪೂರ್ತಿಯಾಗಿ ನೋಡಿದ್ದೇನೆ. ಒಂದು, ಡೇವಿಡ್ ಲೀನ್ ನಿರ್ದೇಶಿಸಿದ 1965ರ ‘ಡಾಕ್ಟರ್ ಜಿವಾಗೊ’. ಇನ್ನೊಂದು, ಆಲ್‌ಜೈಮರ್ ಕಾಯಿಲೆಯಿಂದಾಗಿ ನೆನಪುಗಳನ್ನು ಒಂದೊಂದಾಗಿ ಕಳೆದುಕೊಳ್ಳುವ ಫಿಯೋನಾ ಎಂಬಾಕೆಯ ಪಾತ್ರವನ್ನು ಅವರು ಮಾಡಿರುವ, 2006ರ ‘ಅವೇ ಫ್ರಮ್ ಹರ್’. ಮೊದಲನೆಯದರಲ್ಲಿ ಲಾರಾ ಪಾತ್ರದ ಬಹುಪಾಲು ಕೆಲಸವನ್ನು ಬೆಳಕು ಮತ್ತು ಸಂಗೀತವೇ ಮಾಡಿಬಿಡುತ್ತವೆ ಎಂದು ನನಗೆ ಅನ್ನಿಸಿತು. ಎರಡನೆಯದರಲ್ಲಿ ಅವರು ಸುಮ್ಮನೆ ಕಿಟಕಿಯ ಕಡೆಗೆ ತಿರುಗಿದರೂ, ಆ ಹೆಂಗಸಿಗೆ ಈ ಕ್ಷಣದಲ್ಲಿ ಏನು ನೆನಪಿದೆ, ಏನು ಇಲ್ಲ ಎಂಬುದನ್ನು ನೋಡುವವರು ಊಹಿಸುತ್ತ ಕೂರಬೇಕಾಗುತ್ತದೆ. ಒಬ್ಬರೇ ನಟಿ ಅಲ್ಲಿಂದ ಇಲ್ಲಿಗೆ ಹೇಗೆ ಬಂದರು ಎಂಬುದು ನನ್ನ ಕುತೂಹಲ.

ಸಾಮಾನ್ಯ ಪರಿಚಯ ಲೇಖನಗಳಲ್ಲಿ ಒಂದೇ ಕಥೆ ಇರುತ್ತದೆ: ಇಪ್ಪತ್ತೈದನೆಯ ವಯಸ್ಸಿನಲ್ಲಿ ಲೋಕಪ್ರಸಿದ್ಧಿ, ‘ಡಾರ್ಲಿಂಗ್’ ಚಿತ್ರಕ್ಕೆ ಶ್ರೇಷ್ಠ ನಟಿ ಆಸ್ಕರ್, ಎಪ್ಪತ್ತರ ದಶಕದಲ್ಲಿ ಕೆಲವು ಒಳ್ಳೆಯ ಚಿತ್ರಗಳು, 1978ರ ‘ಹೆವನ್ ಕ್ಯಾನ್ ವೇಟ್’ ಆದಮೇಲೆ ಕಣ್ಮರೆ. ಆದರೆ ಅವರ ಚಿತ್ರಗಳ ಪಟ್ಟಿಯನ್ನು ತೆರೆದು ನೋಡಿದರೆ ಎಂಬತ್ತರ ದಶಕವೇನೂ ಖಾಲಿಯಿಲ್ಲ. ಹಾಗಾದರೆ ಇದನ್ನು ನಲವತ್ತು ಸಮೀಪಿಸಿದ ನಟಿಯರಿಗೆ ಪಾತ್ರಗಳು ಸಿಗದೆ ಹೋಗುವ ಎಂದಿನ ಕಥೆ ಎಂದು ಓದಬೇಕೇ, ಅಥವಾ ಅವರೇ ದಾರಿ ಬದಲಿಸಿದರು ಎನ್ನಬೇಕೇ? ಇದನ್ನು ತಿಳಿಯಲು ಯಾವ ಚಿತ್ರಗಳನ್ನು ನೋಡುವುದು ಒಳ್ಳೆಯದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನೆರಳುಬೆಳಕು

ತಾರೆಯಾಗಿ ಏರಿದರು, ತಾರೆಯಾಗಿ ಇಳಿದರು ಎಂಬ ಲೆಕ್ಕದಲ್ಲಿ ನೋಡುವವರೆಗೂ ಕ್ರಿಸ್ಟಿ ಅವರ ಚಿತ್ರಜೀವನ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರು ಯಾರೊಡನೆ ಮತ್ತೆ ಮತ್ತೆ ಕೆಲಸ ಮಾಡಿದರು ಎಂಬುದನ್ನು ಹಿಡಿದು ಹೊರಟರೆ ಮಾತ್ರ 1963ರಿಂದ 2006ರವರೆಗೆ ಒಂದು ಎಳೆ ಸಿಗುತ್ತದೆ.

ಮೊದಲ ಹೆಸರು ನಿರ್ದೇಶಕ ಜಾನ್ ಶ್ಲೆಸಿಂಜರ್. ಅವರ 1963ರ ‘ಬಿಲ್ಲಿ ಲೈಯರ್’ ಚಿತ್ರದಲ್ಲಿ ಲಿಜ್ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು ಟಾಪ್ಸಿ ಜೇನ್. ಅವರ ಆರೋಗ್ಯ ಕೆಟ್ಟಿದ್ದರಿಂದ ಆ ಪಾತ್ರ ಕ್ರಿಸ್ಟಿ ಅವರಿಗೆ ಬಂತು. ಇಡೀ ಚಿತ್ರದಲ್ಲಿ ಲಿಜ್ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಕೈಚೀಲವನ್ನು ಬೀಸುತ್ತ, ಅಂಗಡಿಗಳ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ, ಉತ್ತರ ಇಂಗ್ಲೆಂಡಿನ ಪಟ್ಟಣವೊಂದರ ಬೀದಿಯಲ್ಲಿ ಆಕೆ ನಡೆದು ಬರುವ ದೃಶ್ಯ ಬ್ರಿಟಿಷ್ ಸಿನಿಮಾದಲ್ಲಿ ಒಂದು ಗಡಿಗಲ್ಲಿನಂತೆ ನಿಂತಿದೆ. ಅದಕ್ಕೆ ಮುಂಚಿನ ವರ್ಷಗಳ ಇಂಗ್ಲಿಷ್ ವಾಸ್ತವವಾದಿ ಚಿತ್ರಗಳಲ್ಲಿ ಕಾರ್ಖಾನೆಯ ಹೊಗೆ, ಇಕ್ಕಟ್ಟಾದ ಮನೆ, ಸಿಟ್ಟಿನ ಯುವಕ ಇರುತ್ತಿದ್ದರು. ಆ ಚೌಕಟ್ಟಿನೊಳಕ್ಕೆ, ಯಾರ ಅಪ್ಪಣೆಗೂ ಕಾಯದೆ ಲಂಡನ್‌ಗೆ ಹೊರಟುಬಿಡುವ ಹುಡುಗಿಯೊಬ್ಬಳು ಬಂದಳು. ಕೊನೆಯಲ್ಲಿ ರೈಲು ಹತ್ತುವವಳು ಅವಳೇ. ಟಾಮ್ ಕೋರ್ಟ್ನಿ ಮಾಡಿರುವ ಬಿಲ್ಲಿ ಹಾಲಿನ ನೆಪ ಹೇಳಿ ಕೆಳಗಿಳಿದು ಊರಲ್ಲೇ ಉಳಿಯುತ್ತಾನೆ.

ಎರಡು ವರ್ಷಗಳ ನಂತರ ಅದೇ ಶ್ಲೆಸಿಂಜರ್ ‘ಡಾರ್ಲಿಂಗ್’ ಮಾಡಿದರು. ಲಂಡನ್‌ಗೆ ಹೋದ ಲಿಜ್‌ಗೆ ಮುಂದೇನಾಯಿತು ಎಂಬ ಪ್ರಶ್ನೆಗೆ ಕೊಟ್ಟ ಕಹಿಯಾದ ಉತ್ತರ ಎಂದೇ ಆ ಚಿತ್ರವನ್ನು ನೋಡಬಹುದು. ರೂಪದರ್ಶಿ ಡಯಾನಾ ಸ್ಕಾಟ್ ಒಬ್ಬ ಗಂಡಸಿನಿಂದ ಇನ್ನೊಬ್ಬನೆಡೆಗೆ ಸರಿಯುತ್ತ, ಕೊನೆಗೆ ಇಟಲಿಯ ರಾಜಕುಮಾರನೊಬ್ಬನ ವಿಶಾಲವಾದ ಮನೆಯಲ್ಲಿ ಒಂಟಿಯಾಗುತ್ತಾಳೆ. ಕ್ರಿಸ್ಟಿ ಅವರಿಗೆ ಆಸ್ಕರ್ ಬಂದದ್ದು ಈ ಪಾತ್ರಕ್ಕೆ. ಫ್ರೆಡರಿಕ್ ರಾಫೇಲ್ ಅವರ ಚಿತ್ರಕಥೆಗೂ ವಸ್ತ್ರವಿನ್ಯಾಸಕ್ಕೂ ಆ ವರ್ಷ ಪ್ರಶಸ್ತಿಗಳು ಬಂದವು. ‘ಡಾಕ್ಟರ್ ಜಿವಾಗೊ’ ಕೂಡ ಅದೇ ವರ್ಷದ ಚಿತ್ರವಾಗಿದ್ದು, ಐದು ಆಸ್ಕರ್‌ಗಳನ್ನು ಪಡೆಯಿತು. ಆ ಐದರಲ್ಲಿ ಅಭಿನಯಕ್ಕೆ ಸಂದದ್ದು ಒಂದೂ ಇಲ್ಲ. ಲಾರಾ ಬಗ್ಗೆ ತಮಗೆ ಅನ್ನಿಸಿದ್ದು ತಪ್ಪೇನಲ್ಲ.

ಎರಡನೆಯ ಹೆಸರು ಹೆಚ್ಚಿನವರ ಗಮನಕ್ಕೆ ಬಾರದ್ದು: ನಿಕೊಲಸ್ ರೋಗ್. ‘ಜಿವಾಗೊ’ ಚಿತ್ರೀಕರಣದ ಆರಂಭದಲ್ಲಿ ಛಾಯಾಗ್ರಾಹಕರಾಗಿದ್ದವರು ಅವರು. ಲೀನ್ ಅವರೊಡನೆ ಹೊಂದಾಣಿಕೆಯಾಗದೆ ಅವರು ಹೊರಬಿದ್ದರು, ಫ್ರೆಡಿ ಯಂಗ್ ಆ ಕೆಲಸವನ್ನು ಮುಗಿಸಿ ಆಸ್ಕರ್ ಪಡೆದರು. ಆದರೆ ಅನಂತರ ಬಂದ ಕ್ರಿಸ್ಟಿ ಅವರ ಮೂರು ಚಿತ್ರಗಳಿಗೆ, ಅಂದರೆ ಫ್ರಾನ್ಸ್‌ನ ತ್ರುಫೋ ಇಂಗ್ಲಿಷಿನಲ್ಲಿ ಮಾಡಿದ ಏಕೈಕ ಚಿತ್ರ ‘ಫ್ಯಾರನ್‌ಹೀಟ್ 451’ (1966), ಹಾರ್ಡಿ ಅವರ ಕಾದಂಬರಿಯನ್ನು ಆಧರಿಸಿ ಶ್ಲೆಸಿಂಜರ್ ಮಾಡಿದ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ (1967) ಮತ್ತು ರಿಚರ್ಡ್ ಲೆಸ್ಟರ್ ಅವರ ‘ಪೆಟುಲಿಯಾ’ (1968), ಈ ಮೂರಕ್ಕೂ ಕ್ಯಾಮೆರಾದ ಹಿಂದೆ ಇದ್ದವರು ರೋಗ್. ಆ ಮುಖವನ್ನು ಇಷ್ಟು ಕಾಲ ಮಸೂರದೊಳಗಿಂದ ನೋಡಿದ ಮನುಷ್ಯನೇ 1973ರಲ್ಲಿ ನಿರ್ದೇಶಕನಾಗಿ ‘ಡೋಂಟ್ ಲುಕ್ ನೌ’ ಚಿತ್ರಕ್ಕೆ ಅವರನ್ನು ಕರೆದದ್ದು. ಮಗಳನ್ನು ಕಳೆದುಕೊಂಡ ದಂಪತಿಗಳು ಚಳಿಗಾಲದ ವೆನಿಸ್‌ನಲ್ಲಿ ದಿನ ತಳ್ಳುವ ಕಥೆ ಅದು. ಗಂಡನಾಗಿ ಡೊನಾಲ್ಡ್ ಸದರ್ಲೆಂಡ್ ಇದ್ದಾರೆ. ಕ್ರಿಸ್ಟಿ ಅವರ ಲಾರಾ ಬ್ಯಾಕ್ಸ್‌ಟರ್ ಅಳುವುದಕ್ಕಿಂತ ಹೆಚ್ಚಾಗಿ ನಗುತ್ತಾಳೆ. ಮಗಳ ಇರುವು ತನಗೆ ಕಾಣುತ್ತಿದೆ ಎಂದು ಕುರುಡಿಯೊಬ್ಬಳು ಹೇಳಿದ ಬಳಿಕ ಅವಳ ಮುಖಕ್ಕೆ ಮರಳುವ ಗೆಲುವು, ಆ ಚಿತ್ರದ ರಕ್ತಪಾತಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ‘ಅವೇ ಫ್ರಮ್ ಹರ್’ ಚಿತ್ರದ ಫಿಯೋನಾಳ ಬೇರು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಒಳಗೆ ಏನೋ ಮುರಿದಿರುವಾಗಲೂ ಹೊರಗೆ ಸೌಜನ್ಯವನ್ನು ಬಿಡದ ಹೆಂಗಸನ್ನು ಅಭಿನಯಿಸುವ ಕಲೆ ಅವರಿಗೆ ಆಗಲೇ ಕೈವಶವಾಗಿತ್ತು.

ಉತ್ತರ: ಹಳೇ_ಪ್ರೊಜೆಕ್ಟರ್

ನೆರಳುಬೆಳಕು ಅವರು ಹಿಡಿದ ಎಳೆಯನ್ನು ನಾನು ಮೆಚ್ಚುತ್ತೇನೆ. ಆದರೂ ಎಲ್ಲವನ್ನೂ ಒಂದೇ ಎಳೆಗೆ ಪೋಣಿಸಿದರೆ ಅರವತ್ತರ ದಶಕದ ಕೊನೆಯ ಎಡವಟ್ಟುಗಳು ಮರೆಯಾಗುತ್ತವೆ. ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಚಿತ್ರದಲ್ಲಿ ಅವರ ಬಾತ್‌ಶೀಬಾ ಹತ್ತೊಂಬತ್ತನೆಯ ಶತಮಾನದ ಗ್ರಾಮೀಣ ಹೆಣ್ಣಾಗಿ ನಂಬಿಕೆ ಹುಟ್ಟಿಸುವುದಿಲ್ಲ, ಲಂಡನ್ನಿನ ಅಂದಿನ ಫ್ಯಾಷನ್ ಲೋಕದಿಂದ ನೇರವಾಗಿ ಹೊಲಕ್ಕೆ ಬಂದವಳಂತೆ ಕಾಣುತ್ತಾಳೆ ಎಂಬ ಟೀಕೆ ಆಗಲೇ ಬಂದಿತ್ತು, ಮತ್ತು ಅಮೆರಿಕದಲ್ಲಿ ಚಿತ್ರ ಸೋತಿತು. ಅಲನ್ ಬೇಟ್ಸ್, ಪೀಟರ್ ಫಿಂಚ್, ಟೆರೆನ್ಸ್ ಸ್ಟ್ಯಾಂಪ್ ಮೂವರೂ ಆ ಮಣ್ಣಿಗೆ ಹೊಂದಿಕೊಂಡಿರುವಾಗ ಕ್ರಿಸ್ಟಿ ಒಬ್ಬರೇ ಬೇರೆ ಕಾಲದವರಂತೆ ನಿಲ್ಲುತ್ತಾರೆ. ‘ಫ್ಯಾರನ್‌ಹೀಟ್ 451’ರಲ್ಲಿ ಮಾಂಟಾಗ್‌ನ ಹೆಂಡತಿ ಲಿಂಡಾ ಮತ್ತು ನೆರೆಯ ಯುವತಿ ಕ್ಲಾರಿಸ್, ಎರಡನ್ನೂ ಅವರಿಗೇ ಕೊಟ್ಟದ್ದು ಜಾಣ ಯೋಚನೆಯಾಗಿರಬಹುದು, ತೆರೆಯ ಮೇಲೆ ಎರಡು ಪಾತ್ರಗಳ ನಡುವೆ ಕೂದಲಿನ ಉದ್ದವೊಂದೇ ವ್ಯತ್ಯಾಸವೆನಿಸುತ್ತದೆ.

ನನ್ನ ದೃಷ್ಟಿಯಲ್ಲಿ ಅವರು ನಟಿಯಾಗಿ ನಿಜವಾಗಿ ಬೆಳೆದದ್ದು 1971ರಲ್ಲಿ, ಒಂದೇ ವರ್ಷದ ಎರಡು ಚಿತ್ರಗಳಲ್ಲಿ. ಜೋಸೆಫ್ ಲೋಸಿ ನಿರ್ದೇಶಿಸಿ ಹೆರಾಲ್ಡ್ ಪಿಂಟರ್ ಚಿತ್ರಕಥೆ ಬರೆದ ‘ದ ಗೋ-ಬಿಟ್ವೀನ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದಿತು. ನಾರ್ಫೋಕ್‌ನ ದೊಡ್ಡ ಮನೆಯ ಮಗಳು ಮೇರಿಯನ್ ಒಬ್ಬ ಬಾಲಕನ ಕೈಯಲ್ಲಿ ರೈತ ಟೆಡ್‌ಗೆ ಪತ್ರಗಳನ್ನು ಕಳಿಸುತ್ತಾಳೆ. ಹುಡುಗನ ಮೇಲಿನ ಅವಳ ಅಕ್ಕರೆ ಎಷ್ಟು ನಿಜ, ಎಷ್ಟು ಬಳಕೆ ಎಂಬುದನ್ನು ಕ್ರಿಸ್ಟಿ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ವರ್ಗವೆಂಬುದು ಇಂಗ್ಲೆಂಡಿನಲ್ಲಿ ಧ್ವನಿಯ ಏರಿಳಿತದಲ್ಲೇ ಹೇಗೆ ವಾಸವಾಗಿದೆ ಎಂಬುದನ್ನು ತೋರಿಸುವ ಅಭಿನಯ ಅದು. ಮತ್ತೊಂದು, ರಾಬರ್ಟ್ ಆಲ್ಟ್‌ಮನ್ ಅವರ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’. ಅಮೆರಿಕದ ವಾಯವ್ಯ ಮೂಲೆಯ ಗಣಿಗಾರಿಕೆಯ ಊರಿಗೆ ಬಂದು, ವ್ಯವಹಾರವೇ ತಿಳಿಯದ ಮೆಕೇಬ್‌ಗೆ ವೇಶ್ಯಾಗೃಹ ನಡೆಸುವ ಲೆಕ್ಕಾಚಾರವನ್ನು ಕಲಿಸುವ ಲಂಡನ್ ಕಾಕ್ನಿ ಹೆಂಗಸು ಕಾನ್‌ಸ್ಟನ್ಸ್ ಮಿಲ್ಲರ್. ಅವಳು ಮೊದಲ ಬಾರಿ ಮೊಟ್ಟೆಗಳನ್ನೂ ಸ್ಟ್ಯೂವನ್ನೂ ಗಬಗಬನೆ ತಿನ್ನುತ್ತ ವ್ಯಾಪಾರದ ಮಾತಾಡುವ ದೃಶ್ಯದಲ್ಲಿ ‘ಡಾರ್ಲಿಂಗ್’ನ ರೂಪದರ್ಶಿಯ ಸುಳಿವೂ ಇಲ್ಲ. ಆ ಪಾತ್ರ ಅವರಿಗೆ ಎರಡನೆಯ ಆಸ್ಕರ್ ನಾಮನಿರ್ದೇಶನ ತಂದಿತು.

ಇನ್ನು ಮೂಲ ಪ್ರಶ್ನೆ. ಆಯ್ಕೆ ಎಂಬುದನ್ನೂ ಅತಿಯಾಗಿ ಹಿಗ್ಗಿಸಬಾರದು. 1986ರ ‘ಪವರ್’, 1996ರ ‘ಡ್ರ್ಯಾಗನ್‌ಹಾರ್ಟ್’, 2004ರ ‘ಟ್ರಾಯ್’ ಚಿತ್ರದಲ್ಲಿ ಅಕಿಲೀಸ್‌ನ ತಾಯಿಯಾಗಿ ಒಂದು ಸಣ್ಣ ಪಾತ್ರ, ಇವುಗಳನ್ನು ಯಾರೂ ಧ್ಯೇಯದ ಫಲ ಎನ್ನಲಾರರು.

ಉತ್ತರ: ಮೂರನೇ_ಸಾಲು

ಆ ಮೂರು ಚಿತ್ರಗಳ ಮಾತು ಸರಿ, ಆದರೆ 1981ರಿಂದ 1983ರವರೆಗಿನ ಕೆಲಸವನ್ನು ಇಬ್ಬರೂ ದಾಟಿ ಹೋಗಿದ್ದೀರಿ. ಪ್ರಶ್ನೆ ಇರುವುದೇ ಅಲ್ಲಿ.

‘ಹೆವನ್ ಕ್ಯಾನ್ ವೇಟ್’ ದೊಡ್ಡ ಯಶಸ್ಸು ಕಂಡ ಚಿತ್ರ. ಅದಕ್ಕೆ ಮೂರು ವರ್ಷ ಹಿಂದಿನ ‘ಶಾಂಪೂ’ ಕೂಡ ಗೆದ್ದಿತ್ತು. ‘ಮೆಕೇಬ್’ ಸೇರಿ ಮೂರರಲ್ಲೂ ವಾರೆನ್ ಬೀಟಿ ಅವರ ಎದುರು ಇದ್ದರು. ಅವಕಾಶ ಬತ್ತಿಹೋದ ನಟಿಯ ಸ್ಥಿತಿ ಇದಲ್ಲ. ಹಾಲಿವುಡ್‌ನಲ್ಲಿ ಗೆದ್ದ ಗಳಿಗೆಯಲ್ಲೇ ಅವರು ಬ್ರಿಟನ್‌ಗೆ ಹಿಂದಿರುಗಿದರು, ಮತ್ತು ಅಲ್ಲಿ ಒಪ್ಪಿಕೊಂಡ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 1981ರ ‘ಮೆಮಾಯರ್ಸ್ ಆಫ್ ಎ ಸರ್ವೈವರ್’ ಡೋರಿಸ್ ಲೆಸಿಂಗ್ ಅವರ ಕಾದಂಬರಿ. 1982ರ ‘ದ ರಿಟರ್ನ್ ಆಫ್ ದ ಸೋಲ್ಜರ್’ ರೆಬೆಕಾ ವೆಸ್ಟ್ ಅವರದು. 1983ರ ‘ಹೀಟ್ ಅಂಡ್ ಡಸ್ಟ್’ ರೂತ್ ಪ್ರವರ್ ಜಾಬ್‌ವಾಲಾ ಅವರ, 1975ರಲ್ಲಿ ಬುಕರ್ ಪಡೆದ ಕಾದಂಬರಿ. ಅದೇ ವರ್ಷದ ‘ದ ಗೋಲ್ಡ್ ಡಿಗ್ಗರ್ಸ್’ ಚಿತ್ರವನ್ನು ಸ್ಯಾಲಿ ಪಾಟರ್ ಪೂರ್ತಿಯಾಗಿ ಮಹಿಳೆಯರೇ ಇದ್ದ ತಾಂತ್ರಿಕ ತಂಡದೊಡನೆ ಮಾಡಿದರು. ಅಲ್ಲಿ ಕ್ರಿಸ್ಟಿ ಅವರೂ ಸೇರಿದಂತೆ ಎಲ್ಲರಿಗೂ ಒಂದೇ ದರದ ಸಂಬಳ. 1986ರ ‘ಮಿಸ್ ಮೇರಿ’ ಅರ್ಜೆಂಟೀನಾದ ನಿರ್ದೇಶಕಿ ಮರಿಯಾ ಲೂಯಿಸಾ ಬೆಂಬರ್ಗ್ ಅವರದು. ಹೆಂಗಸರು ಬರೆದ ಕಥೆಗಳು, ಹೆಂಗಸರು ನಿರ್ದೇಶಿಸಿದ ಚಿತ್ರಗಳು ಹೀಗೆ ಸಾಲಾಗಿ ಬರುವುದು ಆಕಸ್ಮಿಕವಿರಲಾರದು. ಅರವತ್ತರ ದಶಕದಲ್ಲಿ ಅವರನ್ನು ರೂಪಿಸಿದವರೆಲ್ಲ ಗಂಡಸರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇವೆಲ್ಲವೂ ಒಳ್ಳೆಯ ಚಿತ್ರಗಳೆಂದು ನಾನು ಹೇಳುತ್ತಿಲ್ಲ. ‘ದ ಗೋಲ್ಡ್ ಡಿಗ್ಗರ್ಸ್’ ಆಲೋಚನೆಯಾಗಿ ದೊಡ್ಡದು, ನೋಡಲು ತ್ರಾಸದಾಯಕ. ಆದರೆ ‘ದ ರಿಟರ್ನ್ ಆಫ್ ದ ಸೋಲ್ಜರ್’ ಚಿತ್ರವನ್ನು ಮರೆತಿರುವುದು ಅನ್ಯಾಯ. ಮೊದಲ ಮಹಾಯುದ್ಧದ ಆಘಾತದಿಂದ ನೆನಪು ಕಳೆದುಕೊಂಡು ಮರಳಿದ ಕ್ಯಾಪ್ಟನ್ ಒಬ್ಬನಿಗೆ ಹೆಂಡತಿಯ ಗುರುತೇ ಇರುವುದಿಲ್ಲ. ಯೌವನದ ಪ್ರೇಯಸಿ ಮಾತ್ರ ನೆನಪಿರುತ್ತಾಳೆ. ಕ್ಯಾಪ್ಟನ್ ಆಗಿ ಅಲನ್ ಬೇಟ್ಸ್, ಪ್ರೇಯಸಿಯಾಗಿ ಗ್ಲೆಂಡಾ ಜಾಕ್ಸನ್, ಗುರುತು ಸಿಗದ ಹೆಂಡತಿ ಕಿಟ್ಟಿಯಾಗಿ ಕ್ರಿಸ್ಟಿ. ನೋಡುಗರ ಸಹಾನುಭೂತಿಯನ್ನು ಬೇಡದೆ, ಮನೆತನದ ಠೀವಿ ಮತ್ತು ಕಿರಿಕಿರಿಯಿಂದಲೇ ಅವರು ಆ ಪಾತ್ರವನ್ನು ಕಟ್ಟಿದ್ದಾರೆ. ‘ಅವೇ ಫ್ರಮ್ ಹರ್’ ಚಿತ್ರದಲ್ಲಿ ಮರೆಯುವವಳು ಅವರು, ಇಲ್ಲಿ ಮರೆಯಲ್ಪಟ್ಟವಳು. ನೆರಳುಬೆಳಕು ಅವರು ಫಿಯೋನಾಳ ಬೇರನ್ನು ವೆನಿಸ್‌ನಲ್ಲಿ ಕಂಡರು. ನನಗೆ ಅದು ಇಲ್ಲಿಯೇ ಹೆಚ್ಚು ಕಾಣುತ್ತದೆ.

‘ಹೀಟ್ ಅಂಡ್ ಡಸ್ಟ್’ ಬಗ್ಗೆ ಒಂದು ಮಾತು. ಅಸ್ಸಾಮಿನ ಚಹಾ ತೋಟದಲ್ಲಿ 1940ರಲ್ಲಿ ಹುಟ್ಟಿದ ಕ್ರಿಸ್ಟಿ, ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ನವಾಬನೊಡನೆ ಹೋದ ಹಿರಿಯಳೊಬ್ಬಳ ಜಾಡು ಹುಡುಕುತ್ತ ಭಾರತಕ್ಕೆ ಬರುವ ಆನ್ ಪಾತ್ರವನ್ನು ಮಾಡುತ್ತಾರೆ. ಪ್ರಸಿದ್ಧ ತಾರೆಯೊಬ್ಬರು ಇಲ್ಲಿ ಕೇಳಿಸಿಕೊಳ್ಳುವವಳ ಪಾತ್ರವನ್ನು ಒಪ್ಪಿಕೊಂಡು, ಮೆರೆಯುವ ಪಾತ್ರವನ್ನು ಆಗ ಇನ್ನೂ ಹೊಸಬರಾಗಿದ್ದ ಗ್ರೆಟಾ ಸ್ಕಾಚಿ ಅವರಿಗೆ ಬಿಟ್ಟಿದ್ದಾರೆ.

ಪ್ರಶ್ನೆ ಕೇಳಿದವರಿಂದ: ಬೆಳ್ಳಿತೆರೆ_ಓದುಗ

ಮೂವರಿಗೂ ಧನ್ಯವಾದಗಳು. 1983ರಿಂದ 2006ರ ನಡುವೆ ಒಂದೇ ಚಿತ್ರ ನೋಡಬೇಕೆಂದರೆ ಯಾವುದು? ಮತ್ತು ‘ಅವೇ ಫ್ರಮ್ ಹರ್’ ಅವರಿಗೆ ಹೇಗೆ ಒದಗಿತು?

ಉತ್ತರ: ನೆರಳುಬೆಳಕು

ಕೆನ್ನೆತ್ ಬ್ರಾನಾ ಅವರ ಸುಮಾರು ನಾಲ್ಕು ಗಂಟೆಗಳ ‘ಹ್ಯಾಮ್ಲೆಟ್’ (1996) ಚಿತ್ರದಲ್ಲಿ ಅವರ ಗರ್ಟ್ರೂಡ್ ಚೆನ್ನಾಗಿದೆ, ಆದರೆ ಒಂದೇ ಎಂದರೆ ಅಲನ್ ರುಡಾಲ್ಫ್ ನಿರ್ದೇಶಿಸಿ ಆಲ್ಟ್‌ಮನ್ ನಿರ್ಮಿಸಿದ 1997ರ ‘ಆಫ್ಟರ್‌ಗ್ಲೋ’. ಹಿಂದೆ ಅಗ್ಗದ ಚಿತ್ರಗಳಲ್ಲಿ ನಟಿಸಿ ಈಗ ಮನೆಯಲ್ಲಿ ತನ್ನದೇ ಹಳೆಯ ಚಿತ್ರಗಳನ್ನು ನೋಡುತ್ತ ಕೂರುವ ಫಿಲಿಸ್ ಪಾತ್ರವದು. ವಯಸ್ಸಾದ ನಟಿಯ ಬಗ್ಗೆ ಕರುಣೆ ಉಕ್ಕಿಸುವ ಸುಲಭ ದಾರಿಯನ್ನು ಬಿಟ್ಟು, ಅವರು ಒಣ ಹಾಸ್ಯದಿಂದ ಅದನ್ನು ನಿಭಾಯಿಸಿದ್ದಾರೆ. ಮೂರನೆಯ ಆಸ್ಕರ್ ನಾಮನಿರ್ದೇಶನ ಬಂದದ್ದು ಇದಕ್ಕೆ.

‘ಅವೇ ಫ್ರಮ್ ಹರ್’ ಕೂಡ ಹಳೆಯ ಪರಿಚಯದಿಂದಲೇ ಒದಗಿದ ಚಿತ್ರ. ನಿರ್ದೇಶಕಿ ಸಾರಾ ಪಾಲಿ ಅದಕ್ಕೂ ಮುನ್ನ ನಟಿಯಾಗಿ ಹಾಲ್ ಹಾರ್ಟ್ಲಿ ಅವರ ‘ನೋ ಸಚ್ ಥಿಂಗ್’ ಮತ್ತು ಇಸಬೆಲ್ ಕೊಯಿಶೆ ಅವರ ‘ದ ಸೀಕ್ರೆಟ್ ಲೈಫ್ ಆಫ್ ವರ್ಡ್ಸ್’ ಚಿತ್ರಗಳಲ್ಲಿ ಕ್ರಿಸ್ಟಿ ಅವರೊಡನೆ ಇದ್ದರು. ಆಲಿಸ್ ಮನ್ರೊ ಅವರ ಸಣ್ಣಕಥೆಯನ್ನು ಆಧರಿಸಿ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ ಮಾಡಹೊರಟಾಗ, ಪಾಲಿ ಫಿಯೋನಾಳ ಪಾತ್ರಕ್ಕೆ ಕ್ರಿಸ್ಟಿ ಅವರನ್ನೇ ಒಪ್ಪಿಸಿದರು. ಆ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಸಿಕ್ಕಿತು. ಆಸ್ಕರ್ ಮಾತ್ರ ಮರಿಯೋನ್ ಕೋಟಿಯಾರ್ ಅವರ ಪಾಲಾಯಿತು. ನೀವು ಇದನ್ನು ಈಗಾಗಲೇ ನೋಡಿರುವುದರಿಂದ, ಇನ್ನೊಮ್ಮೆ ನೋಡುವ ಮುನ್ನ ಮೂರನೇ_ಸಾಲು ಅವರು ಹೇಳಿದ ‘ದ ರಿಟರ್ನ್ ಆಫ್ ದ ಸೋಲ್ಜರ್’ ಚಿತ್ರವನ್ನು ಮುಗಿಸಿಕೊಳ್ಳಿ. ಆ ವಿಷಯದಲ್ಲಿ ಅವರ ಮಾತೇ ನನ್ನದಕ್ಕಿಂತ ಗಟ್ಟಿಯಾಗಿದೆ.