ಮೈನ್ಸ್ ಒಳಗೆ ಹೊಸ ಹಾಲ್ ರೋಡ್ (ಟಿಪ್ಪರ್ ಓಡೋ ರಸ್ತೆ), ಗ್ರೇಡಿಯಂಟ್ (ಏರು) ಎಷ್ಟಿಡ್ಬೇಕು, ಕಡ್ದಿದ್ ಮಣ್ಣು ಎಲ್ಲಿ ಹಾಕ್ಬೇಕು? ಗೊತ್ತಿರೋರು ಹೇಳಿ

ಸಂಡೂರು_ಸೈಟ್:
ಎಲ್ರಿಗೂ ನಮಸ್ಕಾರ. ಸಿವಿಲ್ ಡಿಪ್ಲೊಮಾ ಮುಗ್ಸಿ ಸಂಡೂರು ಕಡೆ ಒಂದು ಕಬ್ಬಿಣದ ಅದಿರಿನ ಮೈನ್ಸಲ್ಲಿ ಅರ್ಥ್‌ವರ್ಕ್ ಕಾಂಟ್ರಾಕ್ಟರ್ ಹತ್ರ ಸೈಟ್ ಇಂಜಿನಿಯರ್ ಆಗಿದೀನಿ. ಈಗಿರೋ ರೋಡಿಂದ ಮೇಲಿನ ಹೊಸ ಬೆಂಚಿಗೆ (ಗುಡ್ಡದಲ್ಲಿ ಮೆಟ್ಟಿಲ ತರ ಕಡ್ದ ಮಟ್ಟಸ ಜಾಗ) ರ‍್ಯಾಂಪ್ ಮಾಡ್ಬೇಕು, ಎತ್ತರ 30 ಮೀಟರ್. ನಮ್ಮ ಕಾಂಟ್ರಾಕ್ಟರು 1:8ರಲ್ಲಿ (8 ಮೀಟರಿಗೆ 1 ಮೀಟರ್ ಏರು) ನೇರ ಹತ್ತಿಸ್ಬಿಡು, ಗಾಡಿ ಹತ್ತೋದು ಖಾಲಿ ತಾನೆ ಅಂತಾರೆ. ಕಡ್ದ ಮಣ್ಣನ್ನ ಡೋಜರಲ್ಲಿ ಪಕ್ಕದ ಇಳಿಜಾರಿಗೆ ತಳ್ಳು ಅಂತಾರೆ, ಆದ್ರೆ ಅದರ ಕೆಳಗೇ ಒಂದು ಹಳ್ಳ ಇದೆ. ಮಳೆಗಾಲ ಬೇರೆ ಹತ್ರ ಬಂತು. ನನಗೆ ಎರಡೂ ಸರಿ ಅನ್ನಿಸ್ತಿಲ್ಲ, ಆದ್ರೆ ಎದುರು ಹೇಳೋಕೆ ಕೈಯಲ್ಲಿ ಲೆಕ್ಕ ಬೇಕಲ್ವಾ.

ಗಣಿ_ಫೋರ್‌ಮನ್:
ತಮ್ಮಾ, ಖಾಲಿ ಹತ್ತೋದು ಖರೇ, ಆದ್ರ ಲೋಡ್ ಆಗಿ ಇಳಿಯೋದೂ ಅದೇ ರೋಡ್ ಅಲ್ಲೇನು? ಗುಡ್ಡದ ಮೈನ್ಸ್ ಅಂದ್ರ ಕಷ್ಟ ಇಂಜಿನ್ನಿಗಲ್ಲ, ಬ್ರೇಕಿಗೆ. ತುಂಬಿದ ಟಿಪ್ಪರ್ 1:8ರಾಗ ಇಳಿಯುವಾಗ ಡ್ರೈವರ್ ಬ್ರೇಕ್ ಒತ್ತೇ ಇರ್ತಾನ, ಡ್ರಮ್ ಕಾಯ್ದು ಹಿಡಿಯೋದು ಬಿಡ್ತೈತಿ. ಹಾಲ್ ರೋಡಿಗೆ 1:16 ಇಡ್ರಿ, ಜಾಗ ಇಲ್ಲದ ಸಣ್ಣ ತುಂಡಿಗೆ ಮಾತ್ರ 1:10. 30 ಮೀಟರ್ ಎತ್ತರಕ್ಕ 1:16 ಅಂದ್ರ 480 ಮೀಟರ್ ಉದ್ದ ಆಗ್ತೈತಿ, ನಿಮ್ಮ ಕಾಂಟ್ರಾಕ್ಟರ್ ಹೇಳೋ 1:8ಕ್ಕ 240. ಅವರಿಗೆ ಅರ್ಧ ಖರ್ಚು ಕಾಣಾಕತ್ತೈತಿ ಅಷ್ಟ. ನೇರ ಜಾಗ ಸಿಗಲಿಲ್ಲಂದ್ರ ಒಂದು ತಿರುವು ಹಾಕ್ರಿ, ತಿರುವಿನಾಗ ಮಾತ್ರ ರೋಡ್ ಹೆಚ್ಚುಕಮ್ಮಿ ಮಟ್ಟ ಇರ್ಬೇಕು, ಅಗಲಾನೂ ಜಾಸ್ತಿ ಬೇಕು. ಎದುರುಬದರು ಗಾಡಿ ಓಡೋ ರೋಡಿಗೆ ನಿಮ್ಮಲ್ಲಿರೋ ದೊಡ್ಡ ಗಾಡಿ ಅಗಲದ ಮೂರು ಪಟ್ಟಿಗಿಂತ ಕಮ್ಮಿ ಬ್ಯಾಡ. ಕಣಿವೆ ಕಡೆ ಬರ್ಮ್ (ಗಾಡಿ ಉರುಳದಂಗ ಹಾಕೋ ಮಣ್ಣಿನ ದಿಬ್ಬ) ಟೈರಿನಷ್ಟು ಎತ್ತರ ಇರ್ಲಿ. ಸಡಿಲ ಮಣ್ಣು ಗುಡ್ಡೆ ಹಾಕಿ ಬರ್ಮ್ ಅಂತ ತೋರಿಸ್ತಾರ, ಅದು ಗಾಡಿ ತಡಿಯಂಗಿಲ್ಲ, ಬುಡ ಅಗಲ ಮಾಡಿ ದಮ್ಮಸ್ ಮಾಡಿಸ್ರಿ. ಇನ್ನೊಂದು, ಮೈನ್ಸ್ ಮ್ಯಾನೇಜರ್ ಒಪ್ಪಿಗೆ ಇಲ್ದ ಒಂದು ಬಕೆಟ್ ಮಣ್ಣೂ ತೆಗೀಬ್ಯಾಡ್ರಿ.

ಟೋಟಲ್_ಸ್ಟೇಷನ್:
ನಾನು ಸರ್ವೆಯವನು, ಮಣ್ಣಿನ ವಿಷಯಕ್ಕೆ ಬರ್ತೀನಿ. ಕಡಿಯೋಕೆ ಮುಂಚೆ ಇಡೀ ಜಾಗದ ಲೆವೆಲ್ ತಗೊಂಡು ಸಹಿ ಹಾಕಿಸಿ ಇಟ್ಕೊಳಿ, ಯಾಕಂದ್ರೆ ಬಿಲ್ ಜಗಳ ಎಲ್ಲಾ ಇಲ್ಲಿಂದಾನೇ ಶುರುವಾಗೋದು. ನೆಲದಲ್ಲಿ 10,000 ಘನ ಮೀಟರ್ ಇರೋ ಮೊರಂ (ಗರಸು ಮಣ್ಣು) ಅಗೆದು ಟಿಪ್ಪರಿಗೆ ತುಂಬಿದಾಗ ಸುಮಾರು 12,500 ಆಗುತ್ತೆ, ಬಿಎಚ್‌ಕ್ಯು (ಕಬ್ಬಿಣದ ಪಟ್ಟೆ ಇರೋ ಬಂಡೆ) ತರದ ಗಟ್ಟಿ ಕಲ್ಲು ಬ್ಲಾಸ್ಟ್ ಮಾಡಿದ್ರೆ ಒಂದೂವರೆ ಪಟ್ಟು ಹತ್ರ ಹೋಗುತ್ತೆ. ಟ್ರಿಪ್ ಲೆಕ್ಕದಲ್ಲಿ ಒಬ್ಬರು, ಕ್ರಾಸ್ ಸೆಕ್ಷನ್ (ನೆಲದ ಲೆವೆಲಿಂದ ತೆಗೆದ ಅಳತೆ) ಲೆಕ್ಕದಲ್ಲಿ ಇನ್ನೊಬ್ಬರು ಕೂತ್ರೆ ಯಾವತ್ತೂ ತಾಳೆ ಆಗಲ್ಲ. ಹಾಗೇ ಅದೇ ಮೊರಂ ಫಿಲ್ಲಿಂಗಿಗೆ ಹಾಕಿ ರೋಲರ್ ಹೊಡೆದ್ರೆ 10,000ಕ್ಕಿಂತ ಕಮ್ಮಿಯೇ ಆಗುತ್ತೆ, ಕಟಿಂಗು ಫಿಲ್ಲಿಂಗು ಸಮ ಇದೆ ಅಂತ ಡ್ರಾಯಿಂಗಲ್ಲಿ ಕಂಡ್ರೂ ಸೈಟಲ್ಲಿ ಮಣ್ಣು ಸಾಲಲ್ಲ. ಫಿಲ್ಲಿಂಗ್ ಒಂದೊಂದು ಪದರ 20-30 ಸೆಂಟಿಮೀಟರ್ ಮೀರಬಾರದು, ನೀರು ಹದವಾಗಿ ಹಾಕಿ ರೋಲರ್. ಮೇಲ್ಮಣ್ಣನ್ನ ಮೊದಲೇ ತೆಗೆದು ಬೇರೆ ಇಡಿ, ಮುಂದೆ ಡಂಪಿನ (ತೆಗೆದ ಮಣ್ಣು ಸುರಿಯೋ ಗುಡ್ಡೆ) ಮೇಲೆ ಗಿಡ ಹಾಕೋಕೆ ಅದೇ ಬೇಕು.

ಹಳ್ಳದ_ದಂಡೆ:
ನಾನು ಸಂಡೂರು ತಾಲೂಕಿನ ರೈತ. ದಯವಿಟ್ಟು ಹಳ್ಳಕ್ಕೆ ಮಣ್ಣು ತಳ್ಳಬೇಡಿ ಸರ್. ಮಳೆ ಬಂದಾಗ ಕೆಂಪು ನೀರು ಹೊಲಕ್ಕೆ ನುಗ್ಗಿ ಇಳಿದು ಹೋದ್ಮೇಲೆ ಮೇಲೆ ಒಂದು ಪದರ ನುಣ್ಣನೆ ಹುಡಿ ಕೂತಿರುತ್ತೆ, ಒಣಗಿದ್ರೆ ಹೆಪ್ಪಳಿಕೆ ಕಟ್ಟಿ ಜೋಳದ ಮೊಳಕೆ ಮೇಲೇಳಲ್ಲ. ಕೆರೆಗೂ ಅದೇ ಹೂಳು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿದ್ದು, ಆಮೇಲೆ ಒಂದೊಂದು ಗಣಿಗೂ ಆರ್ ಅಂಡ್ ಆರ್ ಪ್ಲಾನ್ (ಕೆಟ್ಟ ಗಣಿ ಜಾಗ ಸರಿಪಡಿಸೋ ಯೋಜನೆ) ಮಾಡಿಸಿದ್ದು ಇಂಥದ್ದಕ್ಕೇ. ನಿಮ್ಮ ಮೈನ್ಸಿನ ಪ್ಲಾನ್ ಕೇಳಿ ನೋಡಿ, ಡಂಪ್ ಎಲ್ಲಿ, ಟೋ ವಾಲ್ (ಡಂಪಿನ ಬುಡದ ಗೋಡೆ) ಎಲ್ಲಿ, ಗಾರ್ಲ್ಯಾಂಡ್ ಡ್ರೈನ್ (ಡಂಪಿನ ಸುತ್ತ ತೋಡೋ ಚರಂಡಿ), ಚೆಕ್ ಡ್ಯಾಮ್ ಎಲ್ಲಿ ಅಂತ ಅದರಲ್ಲೇ ಇರುತ್ತೆ. ನೀವು ಹೊಸಬರಾದ್ರೂ ಇದನ್ನ ಕೇಳಿದ್ರಲ್ಲ, ಖುಷಿ ಆಯ್ತು.

ಸಂಡೂರು_ಸೈಟ್:
ಎಲ್ರಿಗೂ ಥ್ಯಾಂಕ್ಸ್. ಆರ್ ಅಂಡ್ ಆರ್ ಪ್ಲಾನ್ ನಾಳೆ ಆಫೀಸಲ್ಲಿ ಕೇಳ್ತೀನಿ. ಫೋರ್‌ಮನ್ ಅಣ್ಣ, ಮಳೆ ಮುಂಚೆ 480 ಮೀಟರ್ ಪೂರ್ತಿ ಆಗೋ ತರ ಕಾಣ್ತಿಲ್ಲ, ಮೊದಲು ಯಾವುದು ಮುಗಿಸ್ಲಿ?

ಗಣಿ_ಫೋರ್‌ಮನ್:
ಮೊದ್ಲು ನೀರಿನ ದಾರಿ. ಟೋ ವಾಲ್ ಎದ್ದ ಮ್ಯಾಲೇನೆ ಡಂಪಿಗೆ ಮಣ್ಣು ಸುರಿಯೋದು, ಅದೂ ಕೆಳಗಿಂದ ಮೆಟ್ಟಿಲು ಮೆಟ್ಟಿಲಾಗಿ. ರೋಡನ್ನ ಗುಡ್ಡದ ಕಡೆ ಸ್ವಲ್ಪ ವಾಲಿಸ್ರಿ, ಮಳೆ ನೀರು ಕಟಿಂಗ್ ಕಡೆ ಡ್ರೈನಿಗೆ ಬೀಳ್ತೈತಿ, ಹೊಸ ಫಿಲ್ಲಿಂಗ್ ಮ್ಯಾಲೆ ಹರಿದು ಕೊರಿಯಂಗಿಲ್ಲ. ಆ ನೀರನ್ನ ಸಿಮೆಂಟ್ ಹ್ಯೂಮ್ ಪೈಪ್‌ನಾಗ ರೋಡ್ ದಾಟಿಸೋ ಕಡೆ ಪೈಪಿನ ಬಾಯಿ ಮುಂದ ದಪ್ಪ ಕಲ್ಲು ಹಾಸ್ರಿ, ಇಲ್ಲಂದ್ರ ಅಲ್ಲೇ ಗುಂಡಿ ಬಿದ್ದು ರೋಡ್ ಅಂಚು ಕುಸೀತೈತಿ. ಅಲ್ಲಿಂದ ನೀರು ಸೆಟ್ಲಿಂಗ್ ಪಾಂಡಿಗೆ ಹೋಗಿ ಹೂಳು ನಿಂತ ಮ್ಯಾಲೆ ಹಳ್ಳಕ್ಕ ಹೋಗ್ಲಿ. ಇಷ್ಟಾದ ಮ್ಯಾಲೆ ಎಷ್ಟು ಉದ್ದ ರೋಡ್ ಆಗ್ತೈತೋ ಅಷ್ಟು ಮಾಡ್ರಿ. ಉಳಿದದ್ದು ಅರ್ಧಂಬರ್ಧ ಕಡಿದು ಬಿಡಬ್ಯಾಡ್ರಿ, ಮುಟ್ಟದ ಗುಡ್ಡ ಮಳಿಗೆ ತಾನ ನಿಲ್ತೈತಿ. ದೀಪಾವಳಿ ಮುಗಿದ ಮ್ಯಾಲೆ ನೆಲ ಆರಿದಾಗ ಮತ್ತ ಹಿಡೀರಿ.